ಸಂಬಳದ ಬದಲು ಬಂದ ಕಾರ್ಡು

ನ್ಯಾಮತಿಯ ಒಂದು ಮೆಕ್ಕೆಜೋಳದ ಗೋದಾಮಿನಲ್ಲಿ ನಾನು ತೂಕ ನೋಡುವವನು. ದೇವರ ದಯೆ, ಕೆಲಸಕ್ಕೆ ಕೊರತೆಯಿಲ್ಲ. ಆದರೆ ಸಂಬಳ ಏರುವ ಮಾತು ಬಂತೆಂದರೆ ಅಲ್ಲಿ ನಗುವಂಥದ್ದು ಏನಾದರೊಂದು ನಡೆದೇ ತೀರುತ್ತದೆ.

ಸೀರೆಯ ಬದಲು

ಹೋದ ವರ್ಷ ಸಾಹುಕಾರ್ರು ನಮ್ಮನ್ನೆಲ್ಲ ಕರೆದು, "ಈ ಸಲ ಸಂಬಳ ಏರಿಸಾಕೆ ಆಗಲ್ಲ. ಅದರ ಬದಲು ಎಲ್ರಿಗೂ ಆಸ್ಪತ್ರೆ ಕಾರ್ಡು ಮಾಡಿಸೀನಿ. ಹೆಂಡ್ತಿ, ಮಕ್ಕಳು, ತಂದೆ-ತಾಯಿ ಎಲ್ಲಾ ಅದರಾಗೆ ಬರ್ತಾರೆ" ಅಂದರು.

ಮಷಿನ್ ರಿಪೇರಿಯ ಸಾಬರು ಚನ್ನಗಿರಿಯವರು, ಸುಮ್ಮನಿರುವ ಜನ ಅಲ್ಲ. "ಸಾಹುಕಾರ್ರೆ, ವರ್ಷವೆಲ್ಲ ನಾನು ಆರಾಮಾಗೇ ಇದ್ರೆ ನನ್ನ ಏರಿಕೆ ಎಲ್ಲೋಯ್ತು?"

"ಆರಾಮಾಗಿರೋದೇ ಏರಿಕೆ ಅಂತ ತಿಳ್ಕೊಳ್ರಿ."

"ಆಯ್ತು ಬಿಡ್ರಿ. ರಂಜಾನ್‌ಗೆ ನಮ್ಮ ಮನೆಯಾಕೆ ಸೀರೆ ಕೇಳಿದ್ರೆ, ನನ್ನ ಆರಾಮನ್ನೇ ಉಟ್ಕೋ ಅಂತೀನಿ."

ಹಿರಿಯರ ಒಪ್ಪಿಗೆ

ನನಗೆ ಮಾತ್ರ ಕಾರ್ಡು ಬೇಕೇ ಬೇಕಿತ್ತು. ನಮ್ಮವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದಳು. ಆಪರೇಷನ್ ಅಂದರೆ ಆಷಾಢ ಕಳೀಲಿ ಅಂದಳು. ಆಮೇಲೆ ಶ್ರಾವಣದಾಗೆ ಬ್ಯಾಡ ಅಂದಳು. ಅಷ್ಟರಲ್ಲಿ ಪಕ್ಷಮಾಸ ಬಂತು, ಸಾಹುಕಾರ್ರ ಹೊಸ ಮಾತೂ ಬಂತು: "ಮುಂದಿನ ತಿಂಗಳಿಂದ ತಂದೆ-ತಾಯಿ ಕಾರ್ಡಿನಾಗೆ ಇರಲ್ಲ. ಬೇಕಂದ್ರೆ ನಿಮ್ಮ ಸಂಬಳದಾಗೆ ಮುರ್ಕೊಳ್ತೀನಿ."

ಸಾಬರು ತಕ್ಷಣ, "ನಮ್ಮ ಅಬ್ಬಾ, ಅಮ್ಮಿ ಎಂದೋ ಹೋದ್ರು. ಅವರು ಆ ಕಾರ್ಡು ಮುಟ್ಟೇ ಇಲ್ಲ. ಅವರ ಪಾಲು ನನ್ನ ಸಂಬಳಕ್ಕೆ ಸೇರಿಸ್ರಿ" ಅಂದರು.

ನಾನು ಮನೆಗೆ ಬಂದು ಅವ್ವನಿಗೆ ಸುದ್ದಿ ಹೇಳಿದೆ. ಅವಳು ಸಾಹುಕಾರ್ರನ್ನು ಬೈಯುತ್ತಲೇ ಎದ್ದು ನಿಂತಳು. "ನಿನ್ನ ಸಂಬಳಕ್ಕೆ ಕತ್ತರಿ ಬ್ಯಾಡ. ನನ್ನ ಕಣ್ಣಿಗೇ ಹಾಕ್ಲಿ, ನಡಿ."

"ಪಕ್ಷಮಾಸ ಐತಲ್ಲವ್ವ?"

"ಹಿರೇರೂ ದುಡಿದು ತಿಂದೋರೇ. ಸಂಬಳದ ಕಷ್ಟ ಅವರಿಗೂ ಗೊತ್ತೈತೆ."

ಕಾರ್ಡಿನ ಪೂಜೆ

ಹೊನ್ನಾಳಿಯ ಕಣ್ಣಾಸ್ಪತ್ರೆಗೆ ಹೋದೆವು. ಹೊಸದೇನು ಬಂದರೂ ದೇವರ ಮುಂದಿಟ್ಟು ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಕಾರ್ಡು ಬಂದ ದಿನದಿಂದ ಅವ್ವ ಅದಕ್ಕೆ ದಿನಾ ಅರಿಶಿನ ಕುಂಕುಮ ಏರಿಸಿ, ಮೇಲೆ ದೀಪದ ಎಣ್ಣೆಯನ್ನೂ ಸವರಿದ್ದಳು. ಕೌಂಟರಿನ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ, "ಅಜ್ಜಿ, ಇದರಾಗೆ ನಂಬರೇ ಕಾಣ್ತಿಲ್ಲ" ಅಂದಳು.

"ನನಗೂ ಏನೂ ಕಾಣವಲ್ದು ತಾಯಿ. ಅದಕ್ಕೇ ನಿಮ್ಮತ್ರ ಬಂದೀವಿ."

ಒರೆಸಲು ಹೋದರೆ ಅವ್ವ, ದೇವರ ಕುಂಕುಮ ನೆಲಕ್ಕೆ ಬೀಳಬಾರದು ಅಂದಳು. ಕೊನೆಗೆ ಆ ಹುಡುಗಿ ತನ್ನ ಹಣೆಗಿಟ್ಟುಕೊಂಡು, ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಹಚ್ಚಿದ ಮೇಲೆ ನಂಬರು ಹೊರಗೆ ಬಂತು. ಡಾಕ್ಟರು ಇಣುಕಿ, "ಇವತ್ತು ಏನು ಹಬ್ಬ?" ಅಂದರು. "ಹಬ್ಬ ಅಲ್ಲ ಸಾರ್, ಕಾರ್ಡು ಒರೆಸ್ತಿದ್ವಿ" ಅಂದಳು ಹುಡುಗಿ.

ಕಣ್ಣು ಬಂದ ಮೇಲೆ

ಒಂದು ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿದರು. ನಾನು ಕೈ ಮುಗಿದು ಎದುರಿಗೆ ನಿಂತಿದ್ದೆ. ಅವ್ವ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಕಾಣ್ತೈತೇನವ್ವ?"

"ಕಾಣ್ತೈತೆ ಕಣಪ್ಪ. ಯಾವಾಗ ಇಷ್ಟು ಮುದುಕ ಆದಿ? ಸಾಹುಕಾರ್ರನ್ನ ನಾನು ಸುಮ್ನೆ ಬೈದೆ. ನಿನ್ನ ಮಖ ನೋಡಿದ್ರೆ ನಾನೂ ಸಂಬಳ ಏರಿಸ್ತಿರಲಿಲ್ಲ, ಕಾರ್ಡೇ ಕೊಡ್ತಿದ್ದೆ."