ನನಗೆ ಅಣ್ಣನನ್ನು ದಯಪಾಲಿಸಿದ ಧ್ವನಿವರ್ಧಕಕ್ಕೆ

ಸಭಾಭವನದ ಮುಂದಿನ ಮಾವಿನ ಮರದಲ್ಲಿ ವಿರಾಜಮಾನರಾಗಿರುವ ಮಾನ್ಯರೇ,

ತವೆಉನಿ ದ್ವೀಪದ ಈ ಪುಟ್ಟ ಊರಿನ ಪರವಾಗಿಯೂ, ಇಂದು ಮದುವೆಯಾಗಲಿರುವ ಸೆನಿಮಿಲಿಯ ತಂಗಿ ವಿನೈಸಿ ಎಂಬ ಹೆಮ್ಮೆಯಿಂದಲೂ ತಮ್ಮ ಘನ ಕಂಠಕ್ಕೆ ವಂದಿಸುತ್ತೇನೆ. ಇಂದು ಬೆಳಿಗ್ಗೆ ಮೈನಾ ಹಕ್ಕಿಯೊಂದು ತಮ್ಮ ಬಾಯೊಳಗೆ ಒಣಹುಲ್ಲು ತುರುಕುತ್ತಿದ್ದುದನ್ನು ಕಂಡೆ. ಒಳಗೆ ಇನ್ನೊಬ್ಬರ ಸಂಸಾರ ಇಟ್ಟುಕೊಂಡವರು ಹೊರಗಿನವರ ಮಾತನ್ನು ಆಗಾಗ ನುಂಗಿಬಿಡುವುದು ಸಹಜವೇ ಎನ್ನಿಸಿತು.

ನಿನ್ನೆ ವರನ ಕಡೆಯವರು ಕಡವು ದ್ವೀಪದಿಂದ ಬಂದಿಳಿದರು. ಅವರಲ್ಲಿ ವರನ ಚಿಕ್ಕಪ್ಪನ ಮಗ ಎಪೆಲಿಯೂ ಇದ್ದ. ಅಡುಗೆ ಚಪ್ಪರದಲ್ಲಿ ನಾನು ಕೆಸುವಿನ ಗೆಡ್ಡೆ ಸುಲಿಯುತ್ತಿದ್ದುದನ್ನು ನೋಡಿ, "ಇದೇನು, ಸಾಹಿತ್ಯ ಓದಿದವರು ಸಿಪ್ಪೆ ಇಟ್ಕೊಂಡು ಗೆಡ್ಡೆ ಎಸೀತಾರಾ?" ಎಂದ. ಸುತ್ತಲಿನ ಹೆಂಗಸರು ನಕ್ಕರು. ಸಂಜೆಯವರೆಗೂ ತಿದ್ದಿ ತೀಡಿ, ತಕ್ಕ ಉತ್ತರವೊಂದನ್ನು ಸಿದ್ಧಮಾಡಿಕೊಂಡೆ.

ಅಷ್ಟರಲ್ಲಿ ನಮ್ಮ ಮಕೆರೇತಾ ಅಜ್ಜಿ ಮೈಕ್ ಹಿಡಿದು, ಬಂದ ಅತಿಥಿಗಳು ಯಾರು ಯಾರಿಗೆ ಏನಾಗಬೇಕೆಂದು ಪದ್ಧತಿಯಂತೆ ಸಾರತೊಡಗಿದರು. ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. "ಎಪೆಲಿ ನಮ್ಮ ವಿನೈಸಿಗೆ ಅಣ್ಣ ಅಲ್ಲ, ಭಾವ ಆಗಬೇಕು" ಎಂದು ಅಜ್ಜಿ ಹೇಳಿದ್ದನ್ನು ಈ ಎರಡು ಕಿವಿಗಳಿಂದ ಕೇಳಿದ್ದೇನೆ. ತಾವು ಊರಿಗೆ ಕೇಳಿಸಿದ್ದು, "ಎಪೆಲಿ ನಮ್ಮ ವಿನೈಸಿಗೆ ಅಣ್ಣ... ಕೀಂಯ್... ಆಗಬೇಕು" ಎಂದು.

ಎಂಥ ಸಾಮರ್ಥ್ಯ ತಮ್ಮದು! ನನ್ನ ತಾಯಿ ವರ್ಷಗಟ್ಟಲೆ ಪ್ರಾರ್ಥಿಸಿದರೂ ಹುಟ್ಟದ ಗಂಡುಮಗನನ್ನು ಒಂದೇ ಕೂಗಿಗೆ ಹೆತ್ತು, ಬೆಳೆಸಿ, ಮೀಸೆ ಬರಿಸಿ ಕೈಗಿತ್ತಿರಿ. ಭಾವನಾದರೆ ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಕುಣಿಯಬಹುದು, ಮುಂದಿನದನ್ನೂ ಯೋಚಿಸಬಹುದು. ನಮ್ಮ ಪದ್ಧತಿಯಲ್ಲಿ ಅಣ್ಣನಾದವನು ತಂಗಿಗೆ ಮುಖ ಕೊಟ್ಟು ಮಾತಾಡುವುದೂ ಇಲ್ಲವೆಂಬುದು, ಇಷ್ಟು ಮದುವೆ ಕಂಡ ತಮಗೆ ತಿಳಿಯದ್ದೇನಲ್ಲ. ಎಪೆಲಿ ಎಷ್ಟು ಸಭ್ಯನೆಂದರೆ, ರಾತ್ರಿಯ ಊಟಕ್ಕೆ ನಾನು ತಟ್ಟೆ ತಂದ ಕೂಡಲೇ ಗೋಡೆಗೆ ಮುಖಮಾಡಿ ಕೂತು, "ಅತ್ತೆ, ಮೀನು ಚೆನ್ನಾಗಿದೆ ಅಂತ ತಂಗಿಗೆ ಹೇಳಿಬಿಡಿ" ಎಂದ. ನಮ್ಮತ್ತೆ ಲುಸಿಯಾನಾ ಕೈಯಳತೆಯಲ್ಲಿದ್ದ ನನಗೆ ಅದನ್ನು ತಲುಪಿಸಿ, "ಯಾಕೇ, ಅಣ್ಣ ಸಿಕ್ಕಿದ ಸಂತೋಷಕ್ಕೆ ಮುಖ ಹೀಗೆ ಹುಳಿ ಹುಳಿ?" ಎಂದು ಕೇಳಿದರು.

ತಂಗಿಯಾಗಿ ಅವನೊಡನೆ ಮಾತಾಡುವಂತಿಲ್ಲ. ತಂಗಿಯಲ್ಲವೆಂದು ತಿಳಿಸಲು ಮಾತಾಡಲೇಬೇಕು. ಅತ್ತೆಯ ಮೂಲಕ ಹೇಳಿಕಳಿಸಿದರೆ ಅಡುಗೆ ಚಪ್ಪರವೆಲ್ಲ ನಗುತ್ತದೆ. ಅಜ್ಜಿಯಿಂದಲೇ ತಿದ್ದಿಸೋಣವೆಂದರೆ ಅವರಿಗೆ ಕಿವಿ ಮಂದ, ಆ ಕಿವಿ ಮುಟ್ಟುವಷ್ಟು ಕೂಗಿದರೆ ಪಕ್ಕದ ಊರಿಗೂ ಕೇಳುತ್ತದೆ, ನನ್ನ ಧ್ವನಿಯೋ ಎದುರಿಗೆ ಕೂತವರಿಗೇ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಎಪೆಲಿಯ ಹಡಗು ಹೊರಡುತ್ತದೆ.

ಆದ್ದರಿಂದ ದಯವಿಟ್ಟು, ತಾವು ನುಂಗಿದ "ಅಲ್ಲ, ಭಾವ" ಎಂಬೆರಡು ಪದಗಳನ್ನು, ಮೈನಾದ ಗೂಡಿಗೆ ಧಕ್ಕೆಯಾಗದಂತೆ, ಮಧ್ಯಾಹ್ನದೊಳಗೆ ಕಕ್ಕಿಕೊಡಬೇಕಾಗಿ ವಿನಂತಿ. ಆಗದಿದ್ದರೆ ನಾಳೆಯ ಹಡಗಿನಲ್ಲಿ ಖುದ್ದಾಗಿ ಕಡವಿಗೆ ತೆರಳಿ, ಅವನ ಮನೆಯ ಅಂಗಳದ ಮರವೇರಿ ಕ್ಷಮೆ ಕೇಳಬೇಕು. ಅದೂ ಕಷ್ಟವಾದರೆ ಊರಿನ ಎಲ್ಲ ಹುಡುಗರನ್ನೂ ಇದೇ ರೀತಿ ನನ್ನ ಅಣ್ಣಂದಿರನ್ನಾಗಿ ಮಾಡಿ, ನನಗೆ ನೆಮ್ಮದಿಯಾಗಿ ಓದಿಕೊಂಡಿರಲು ಅವಕಾಶ ಕಲ್ಪಿಸಬೇಕು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವಿನೈಸಿ

ವಿ.ಸೂ.: ತಮ್ಮ ಉತ್ತರಕ್ಕಾಗಿ ಕಾಯುವುದಿಲ್ಲ. ಊಟ ಮುಗಿದು ಕುಣಿತ ಶುರುವಾದಾಗ, ತಮ್ಮ ತಂತಿ ಕಿತ್ತಿಟ್ಟು, ಇಡೀ ಸಭಾಭವನವನ್ನು ದಾಟಿ ಹೋಗಿ ಎಪೆಲಿಯ ಕೈ ಹಿಡಿದು ಎಬ್ಬಿಸಲಿದ್ದೇನೆ. ಜನ ಬೆಚ್ಚಿಬಿದ್ದು ಸುಮ್ಮನಾಗುತ್ತಾರೆ. ನನ್ನಂಥವಳ ಧ್ವನಿಗೆ ಅಷ್ಟು ನಿಶ್ಶಬ್ದ ಸಾಕು.