ಎರಡು ಬ್ಯಾಡಗಿಗಳ ನಡುವೆ ಒಂದು ತಂತಿ

ನಾನು ಹಾವೇರಿಯ ಕೋರ್ಟಿನಲ್ಲಿ ಬೆರಳಚ್ಚುಗಾರ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಾಗುಣಿತದ ತಪ್ಪಿಗಾಗಿ ಒಮ್ಮೆಯೂ ಬೈಸಿಕೊಂಡವನಲ್ಲ. ಆ ಭಾನುವಾರ ಬ್ಯಾಡಗಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಗಂಟೆ ಸಮೇತ, ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ನಮ್ಮಲ್ಲಿ ಎರಡು ಕಂಪ್ಯೂಟರ್‌ಗಳಿದ್ದವು. ಹಳೆಯದು ಹಿಂದಿನ ಕೋಣೆಯಲ್ಲಿ. ಹೊಸದು ಪಡಸಾಲೆಯಲ್ಲಿ, ಪ್ರಿಂಟರ್ ಸಮೇತ. ನನ್ನ ಹೆಂಡತಿ ಗಿರಿಜಾ ಎರಡು ತಿಂಗಳು ಕೂತು ಹಳೆಯದರಲ್ಲಿ ಒಂದು ನಾಟಕ ಬರೆದಿದ್ದಳು. ಅತ್ತೆ-ಸೊಸೆಯರ ಕಥೆ, ನಲವತ್ತು ಪುಟ, ಅವಳ ಮೊದಲ ನಾಟಕ. ಮುಂದಿನ ಭಾನುವಾರ ಹಾವೇರಿಯಲ್ಲಿ ಪ್ರಯೋಗ. ನಾನು ಹೇಳುತ್ತಿರುವ ಭಾನುವಾರ ಸಂಜೆ ನಾಲ್ಕಕ್ಕೆ ಮಹಿಳಾ ಮಂಡಳದ ಆರು ಜನ ಪಾತ್ರಧಾರಿಗಳು ಪ್ರತಿ ಒಯ್ಯಲು ಬರುವವರಿದ್ದರು. ಮಂಡಳದ ಅಧ್ಯಕ್ಷೆ ಶಾಂತಕ್ಕ, ಅತ್ತೆಯ ಪಾತ್ರವೂ ಅವರದೇ, ಮೊದಲೇ ಎಚ್ಚರಿಸಿದ್ದರು: "ನಾಲ್ಕಕ್ಕ ಪ್ರತಿ ಕೈಯಾಗ ಇರಬೇಕು ಗಿರಿಜವ್ವ. ಇಲ್ಲಂದ್ರ ನಾಟಕ ಬ್ಯಾಡ, ಕೋಲಾಟ ಹಾಕಿಬಿಡೂಣು."

ಕೋಲಾಟದ ಮಾತು ಕೇಳಿದಾಗಿನಿಂದ ಗಿರಿಜಾ ದಿನಕ್ಕೆ ಹತ್ತು ಸಲ ಕ್ಯಾಲೆಂಡರ್ ನೋಡುತ್ತಿದ್ದಳು.

ತೊಡಕು ಇಷ್ಟೇ. ಹಳೆಯದಕ್ಕೆ ಫ್ಲಾಪಿ ಬಿಟ್ಟು ಬೇರೇನೂ ಗೊತ್ತಿಲ್ಲ; ಹೊಸದಕ್ಕೆ ಫ್ಲಾಪಿ ತೂರಿಸುವ ಬಾಯಿಯೇ ಇಲ್ಲ. ಪೆನ್ ಡ್ರೈವ್ ಚುಚ್ಚಿದರೆ ಹಳೆಯದು, ಸಾಲ ಕೇಳಲು ಬಂದ ನೆಂಟನನ್ನು ಕಂಡಂತೆ, ಗುರುತೇ ಹಿಡಿಯುತ್ತಿರಲಿಲ್ಲ.

"ರಿಪೇರಿಯವರ್ನ ಕರಸ್ರಿ," ಎಂದಳು ಗಿರಿಜಾ.

"ಯಾಕ? ಎರಡರ ನಡುವ ಒಂದು ತಂತಿ ಹಾಕಿದ್ರ ಮುಗೀತು. ಅರ್ಧ ತಾಸಿನ ಕೆಲಸ!"

ಈ ಹೇಳಿಕೆ ನನ್ನದೇ. ನಿರಾಕರಿಸುವುದಿಲ್ಲ.

ಬೆಳಗಿನ ಎಂಟರ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ತಂತಿ ಕೇಳಿದೆ. ಅಂಗಡಿಯವರು ಕೇಳಿದರು: "ಸ್ಟ್ರೇಟ್ ಕೊಡ್ಲ್ಯೋ, ಕ್ರಾಸ್ ಕೊಡ್ಲ್ಯೋ?"

ಕೋರ್ಟಿನಲ್ಲಿ ವಕೀಲರ ಪಾಟೀಸವಾಲಿನ 'ಕ್ರಾಸ್' ಕೇಳಿ ಕೇಳಿ ಬೇಸತ್ತವನು ನಾನು. "ಕ್ರಾಸ್ ಬ್ಯಾಡ್ರೀಪಾ. ನಾವು ನೇರ ಮಂದಿ. ಸ್ಟ್ರೇಟ್ ಕೊಡ್ರಿ," ಎಂದೆ. ಅವರು ನಕ್ಕರು. ನನ್ನ ಚಟಾಕಿಗೆ ನಕ್ಕರೆಂದು ನಾನೂ ನಕ್ಕೆ.

ಹನ್ನೊಂದಕ್ಕೆ ಮನೆಗೆ ಬಂದು ತಂತಿ ಎಳೆದೆ. ಹಿಂದಿನ ಕೋಣೆಯ ಕಿಟಕಿಯಿಂದ ಅಡುಗೆಮನೆ, ಅಲ್ಲಿಂದ ದೇವರ ಜಗಲಿ ದಾಟಿ ಪಡಸಾಲೆ. ಎರಡೂ ಕಡೆ ಚುಚ್ಚಿದೆ. ಎರಡೂ ಕಡೆ ಮೌನ. ಅಂಗಡಿಗೆ ಫೋನು ಮಾಡಿದೆ.

"ಒಂದು ಕಂಪ್ಯೂಟರಿಂದ ಇನ್ನೊಂದಕ್ಕ ನೇರ ಜೋಡಸಾಕತ್ತೀರೇನ್ರಿ? ಹಂಗಿದ್ರ ಕ್ರಾಸ್ ಬೇಕಾಗಿತ್ತಲ್ರಿ!"

ನೇರ ಮಂದಿ ಪುನಃ ಬಸ್ಸು ಹತ್ತಿದರು. ಬರುವಾಗ ಸೀಟು ಸಿಗಲಿಲ್ಲ. ಮೋಟೆಬೆನ್ನೂರು ದಾಟುವವರೆಗೆ ಒಂಟಿ ಕಾಲಲ್ಲಿ ನಿಂತಿದ್ದೆ.

ಎರಡು ಗಂಟೆಗೆ ಕ್ರಾಸ್ ತಂತಿ ಚುಚ್ಚಿದೆ. ಹಸಿರು ದೀಪ ಮಿಣುಕಿತು! ಗಿರಿಜಾ ಅದಕ್ಕೆ ಕೈ ಮುಗಿದಳು. ಆದರೆ ಹೊಸದರ ಪರದೆಯಲ್ಲಿ ಹಳೆಯದರ ಸುಳಿವೇ ಇಲ್ಲ. ಒಂದನ್ನೊಂದು ಕಾಣಬೇಕಾದರೆ ಎರಡಕ್ಕೂ ಒಂದೇ ಗುಂಪಿನ ಹೆಸರಿರಬೇಕೆಂದು ಹೊಸದರ ಜೊತೆ ಬಂದ ಪುಸ್ತಕದಲ್ಲಿತ್ತು. ಎರಡಕ್ಕೂ ನಾನೇ ಊರ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದೆ. ಹಳೆಯದಕ್ಕೆ ಅದನ್ನು ಕೊಂಡ ವರ್ಷ, ಹೊಸದಕ್ಕೆ ಅಂದು ಬೆಳಿಗ್ಗೆ. ತಪ್ಪಲು ಸಾಧ್ಯವೇ ಇರಲಿಲ್ಲ. ಎರಡನ್ನೂ ಏಳು ಸಲ ಆರಿಸಿ ಹಚ್ಚಿದೆ. ಗಂಟೆ ಮೂರಾಯಿತು.

ಆಗ ಪಕ್ಕದ ಮನೆಯ ಮಹಬೂಬಸಾಬರು ಬಂದರು. ಮೆಣಸಿನಕಾಯಿ ವ್ಯಾಪಾರಿ, ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಪಡಸಾಲೆಯ ಪರದೆಯಲ್ಲಿ ನಾನು ತೆರೆದಿಟ್ಟಿದ್ದ ಹೆಸರು ನೋಡಿದರು, ಹಿಂದಿನ ಕೋಣೆಗೆ ಹೋಗಿ ಅಲ್ಲಿನದನ್ನೂ ನೋಡಿ ಬಂದರು.

"ಕಾರಕೂನ್ರ, ಇದರಾಗ ಬ್ಯಾಡಗಿಗೆ 'ಡಿ' ಆದಮ್ಯಾಲ 'ಜಿ' ಐತಿ. ಒಳಗಿಂದರಾಗ ನಡುವ ಒಂದು 'ಎ' ಐತಲ್ಲ?"

"ಯಾವುದು ತಪ್ಪ್ರಿ ಅಣ್ಣಾರ?" ಗಿರಿಜಾ ಕೇಳಿದಳು.

"ಎರಡೂ ಖರೇನ ತಂಗಿ. ನಮ್ಮ ಚೀಲದ ಮ್ಯಾಲ 'ಎ' ಇಲ್ಲ, ಬಾಜೂ ಅಂಗಡಿಯವರ ಚೀಲದ ಮ್ಯಾಲ ಐತಿ. ಮೆಣಸಿನಕಾಯಿ ಏನೂ ತಕರಾರು ಮಾಡೂದಿಲ್ಲ. ಈ ಡಬ್ಬಿ ಮಾಡಾಕತ್ತೈತಿ."

ಗಿರಿಜಾ ನನ್ನನ್ನು ನೋಡಿದಳು. ಒಂದೇ ಸೂರಿನ ಕೆಳಗೆ ನಾನು ಎರಡು ಊರು ಕಟ್ಟಿದ್ದೆ!

ಒಂದು 'ಎ' ಅಳಿಸಿದೆ. ಮೂರೂವರೆಗೆ ನಾಟಕ ತಂತಿ ಹಿಡಿದು ಪಡಸಾಲೆಗೆ ಬಂತು. ಖುಷಿಯಲ್ಲಿ ತೆರೆದು, ಓದದೆ, ಆರು ಪ್ರತಿ ಮುದ್ರಿಸಲು ಆಜ್ಞೆ ಕೊಟ್ಟೆ. ಹನ್ನೆರಡನೆಯ ಹಾಳೆ ಹೊರಬಿದ್ದಾಗ ಕಣ್ಣಾಡಿಸಿದೆ. ಕನ್ನಡದ ಬದಲು ಟೋಪಿ ಹಾಕಿದ 'ಓ', ಬಾಲ ಬಂದ 'ಸಿ', ತಲೆ ಮೇಲೆ ಎರಡು ಚುಕ್ಕೆಯ 'ಯು'. ಕನ್ನಡ ಅಕ್ಷರಗಳ ಫಾಂಟು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅದನ್ನೂ ಅದೇ ತಂತಿಯಲ್ಲಿ ತರಬಹುದಿತ್ತು ಎಂಬುದು ನನಗೆ ಗೊತ್ತಾದದ್ದು ಬುಧವಾರ.

ನಾಲ್ಕಕ್ಕೆ ಆರೂ ಜನ ಬಂದರು. ಶಾಂತಕ್ಕ ಒಂದು ಹಾಳೆ ತೆಗೆದುಕೊಂಡು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ಏನವಾ, ಅತ್ತಿ ಫಾರಿನ್ನಿನಾಕಿ ಏನ? ಕೋಲು ತರಸೂಣೇನ ಹಂಗಾರ?"

ಗಿರಿಜಾಳ ಕಣ್ಣು ತುಂಬಿ ಬಂತು. ನನಗೆ ತಡೆಯಲಾಗಲಿಲ್ಲ. "ಎಲ್ಲಾರೂ ಒಂದೊಂದು ನೋಟಬುಕ್ಕು ಹಿಡೀರಿ. ನಾ ಓದತೇನಿ, ನೀವು ಬರ್ಕೋರಿ. ಕಿವಿಗೆ ಬಿದ್ದದ್ದು ಒಂದೂ ಬಿಡಬಾರದು!" ಎಂದು ಕೋರ್ಟಿನ ಗತ್ತಿನಲ್ಲಿ ಹೇಳಿದೆ.

ಹಿಂದಿನ ಕೋಣೆಯಲ್ಲಿ ವರ್ಷಕ್ಕಾಗುವ ಒಣಮೆಣಸಿನಕಾಯಿ ತುಂಬಿತ್ತು. ಆರು ಜನ ಅಲ್ಲಿ ಕೂಡುವಂತಿರಲಿಲ್ಲ. ಅವರು ಪಡಸಾಲೆಯಲ್ಲಿ, ನಾನು ಚೀಲಗಳ ನಡುವೆ. ಹಳೆಯ ಪರದೆ ನೋಡುತ್ತ, ಗೋಡೆಯಾಚೆ ಕೇಳುವಂತೆ ಕಿರುಚಿ ಓದತೊಡಗಿದೆ. "ಅತ್ತೀ, ನನ್ನ ಮನಿ ಬಿಟ್ಟು ಹೊರಗ ಹಾಕಬ್ಯಾಡ್ರಿ!" ಎಂದದ್ದೇ ತಡ, ಮಹಬೂಬಸಾಬರು ಓಡಿ ಬಂದರು.

"ಕಾರಕೂನ್ರ, ಯಾರು ಹಾಕಾಕತ್ತಾರ್ರಿ ನಿಮ್ಮನ್ನ?"

ಅವರನ್ನು ಸಮಾಧಾನ ಮಾಡಿ ಕಳಿಸಿ, ಅತ್ತೆ ಆರ್ಭಟಿಸುವ ಜಾಗಕ್ಕೆ ಬಂದೆ. ಮೆಣಸಿನಕಾಯಿ ಮೂಗಿಗೇರಿತು. "ಈ ಮನಿ ಕೀಲಿಕೈ ನನ್ನ ಸೊಂಟದಾಗ... ಆಕ್ಷೀ!... ಇರತೈತಿ!" ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಪೆನ್ನುಗಳ ಸದ್ದು ಮಾತ್ರ ಕೇಳಿಸಿತು. ಏಳು ಗಂಟೆಗೆ ನಾಟಕವೂ ಮುಗಿಯಿತು, ನನ್ನ ಗಂಟಲೂ ಮುಗಿಯಿತು.

ಮುಂದಿನ ಭಾನುವಾರ ಹಾವೇರಿಯಲ್ಲಿ ಕೋಲಾಟವಾಗಲಿಲ್ಲ, ನಾಟಕವೇ ಆಯಿತು. ಶಾಂತಕ್ಕ ರಂಗದ ನಡುವೆ ನಿಂತು, ಸೊಂಟದ ಕೀಲಿಕೈ ಹಿಡಿದು, ಬರೆದುಕೊಂಡ ಜಾಗದಲ್ಲೇ, ಪೂರ್ಣ ನಿಷ್ಠೆಯಿಂದ ಸೀನಿದರು. ಇಡೀ ಸಭಾಗೃಹ ನಕ್ಕು ನಕ್ಕು ಚಪ್ಪಾಳೆ ಹೊಡೆಯಿತು! ನಾಟಕವನ್ನು ರಾಣೆಬೆನ್ನೂರಿನಲ್ಲೂ ಆಡಿರೆಂದು ಅಲ್ಲೇ ಕರೆಯೂ ಬಂತು. ಗಿರಿಜಾಳ ಮುಖ ನೋಡಬೇಕಿತ್ತು.

ಕರೆಯಲು ಬಂದವರು ಹೇಳಿದರು: "ಅಕ್ಕಾರ, ಆ ಕೀಲಿಕೈ ಸೀನು ಭಾಳ ಛಲೋ ಬರದೀರಿ."

ಗಿರಿಜಾ ನನ್ನ ಕಡೆ ಕೈ ತೋರಿಸಿದಳು. "ಅದೊಂದು ನಮ್ಮ ಮನಿಯವರ ಸೀನು."

ನಲವತ್ತು ಪುಟದಲ್ಲಿ ನನ್ನ ಕೊಡುಗೆ ಅಷ್ಟೇ. ಅದೂ ತಡೆಯಲಾಗದೆ ಬಂದದ್ದು!