ಪಿಸ್ತೂಲಿಗೆ ಬೊಟ್ಟು ಇಡುವ ಕೆಲಸ

ಕೆಲಸದ ಹೆಸರು ಸ್ವಲ್ಪ ವಿಚಿತ್ರವಾಗಿದ್ದರೆ ಸಾಕು, ಎಡವಟ್ಟುಗಳು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ಕೆಲವು ವರ್ಷಗಳ ಹಿಂದೆ ನಾನು ದುಬೈಯ ಒಂದು ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪಿನಲ್ಲಿದ್ದೆ. ಪಿಸ್ತೂಲುಗಳಿಗೆ ರೆಡ್ ಡಾಟ್ ಕೂರಿಸುವುದು ನನ್ನ ಕೆಲಸ. ರೆಡ್ ಡಾಟ್ ಎಂದರೆ ಪಿಸ್ತೂಲಿನ ಬೆನ್ನ ಮೇಲೆ ಕೂರುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಗಾಜಿನ ಕಿಟಕಿ. ಅದರೊಳಗೆ ನೋಡಿದರೆ ಬೆಳಕಿನ ಒಂದು ಕೆಂಪು ಚುಕ್ಕಿ ಕಾಣುತ್ತದೆ. ಚುಕ್ಕಿಯನ್ನು ಗುರಿಯ ಮೇಲಿಟ್ಟು ಗುಂಡು ಹಾರಿಸಬೇಕು, ಅಷ್ಟೇ. ಕಿಟಕಿ ಅಲುಗದಂತೆ ಕೂರಿಸಿ, ಚುಕ್ಕಿ ತೋರಿಸಿದಲ್ಲೇ ಗುಂಡು ಬೀಳುವಂತೆ ಹೊಂದಿಸಿ ಕೊಡುವವರು ನಾವು. ಇಷ್ಟು ಸರಳವಾದ ಕೆಲಸದಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಬೇರೆಯವರ ಎಡವಟ್ಟು ಹೇಳುವುದು ಸುಲಭ, ಅಲ್ಲಿಂದ ಶುರು ಮಾಡೋಣ.

೧. ಮ್ಯಾಚಿಂಗ್ ಗೋಂದು

ರೆಡ್ ಡಾಟಿನ ಸ್ಕ್ರೂಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಗುಂಡು ಹಾರಿದ ಹೊಡೆತಕ್ಕೆ ಅವು ಸಡಿಲವಾಗದಿರಲೆಂದು ಒಂದೊಂದು ಹನಿ ಗೋಂದು ಹಾಕುತ್ತೇವೆ. ನೀಲಿ ಗೋಂದಾದರೆ ಬೇಕಾದಾಗ ಬಿಚ್ಚಬಹುದು. ಕೆಂಪು ಗೋಂದು ಹಾಕಿದರೆ ಬಿಚ್ಚುವ ಆಸೆ ಬಿಡಬೇಕು.

ನಮ್ಮ ವರ್ಕ್‌ಶಾಪಿನ ಹಿರಿಯರು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು. ಎಲ್ಲರ ಬಾಯಲ್ಲೂ ಕಾಕ. ಕಾಕ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಸ್ಟೋರ್‌ಕೀಪರ್ ಉತ್ಸಾಹದಿಂದ ತಾನೇ ಒಂದು ಡಾಟ್ ಕೂರಿಸಿಬಿಟ್ಟ. ಆ ಮಾದರಿಯಲ್ಲಿ ಬ್ಯಾಟರಿ ಇರುವುದು ಅಡಿಯಲ್ಲಿ. ಬ್ಯಾಟರಿ ಬದಲಿಸಬೇಕಾದರೆ ಡಾಟನ್ನೇ ಬಿಚ್ಚಬೇಕು. ಬ್ಯಾಟರಿ ಮುಗಿಯಿತು, ಊರಿನಿಂದ ಮರಳಿದ ಕಾಕ ಬಿಚ್ಚಲು ಹೋದರು, ಸ್ಕ್ರೂಡ್ರೈವರಿನ ತುದಿ ಮುರಿಯಿತು.

"ಯಾವ ಗೋಂದು ಹಾಕಿದ್ದು ನೀನು?"

"ಕೆಂಪು. ರೆಡ್ ಡಾಟ್ ಅಲ್ವಾ ಕಾಕ, ಮ್ಯಾಚಿಂಗ್ ಇರಲಿ ಅಂತ."

ಕಾಕ ಅವನನ್ನು ಎದುರಿಗೆ ಕೂರಿಸಿಕೊಂಡು ಗೋಂದಿನ ಬಣ್ಣಕ್ಕೂ ಡಾಟಿನ ಬಣ್ಣಕ್ಕೂ ಸಂಬಂಧವಿಲ್ಲವೆಂದು ಚಹಾ ಆರುವವರೆಗೆ ವಿವರಿಸಿದರು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಸ್ವಲ್ಪ ಸಮಯದ ನಂತರ ಕ್ಲಬ್ಬಿಗೆ ಹಸಿರು ಚುಕ್ಕಿಯ ಹೊಸ ಮಾದರಿ ಬಂತು. ಅವನು ಆಗಲೇ ದೇರಾ ಪೇಟೆಗೆ ಹೋಗಿ ಹಸಿರು ಗೋಂದು ಹುಡುಕಿ ತಂದಿಟ್ಟಿದ್ದ.

೨. ಕಾಣದ ಚುಕ್ಕಿ

ರೆಡ್ ಡಾಟ್ ಎಂದರೆ ಲೇಸರ್ ಎಂದುಕೊಳ್ಳುವವರು ಬಹಳ. ಸಿನಿಮಾದಲ್ಲಿ ವಿಲನ್ನಿನ ಎದೆಯ ಮೇಲೆ ಓಡಾಡುವ ಚುಕ್ಕಿ ಅದೇ ಎಂದು ಅವರ ನಂಬಿಕೆ. ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಮಂಗಳೂರಿನ ಕೊಂಕಣಿ ಕ್ರೈಸ್ತ ಪೊರ್ಬು ಒಬ್ಬರು ಹುಟ್ಟುಹಬ್ಬಕ್ಕೆಂದು ಗೆಳೆಯರ ಜೊತೆ ಬಂದಿದ್ದರು. ಪಿಸ್ತೂಲು ಹಿಡಿದು, ಗಾಜಿನ ಮೇಲಿನಿಂದ ಕತ್ತು ಚಾಚಿ, ದೂರದ ಕಾಗದದ ಟಾರ್ಗೆಟ್ಟನ್ನೇ ನೋಡುತ್ತ ನಿಂತರು.

"ಡಾಟ್ ಟಾರ್ಗೆಟ್ ಮೇಲೆ ಬೀಳ್ತಾ ಇಲ್ಲ ಮಾರಾಯ್ರೆ. ಲೈಟ್ ಸ್ವಲ್ಪ ಕಮ್ಮಿ ಮಾಡಿ."

"ಅದು ಅಲ್ಲಿ ಬೀಳೋದಿಲ್ಲ ಸರ್. ಈ ಗಾಜಿನೊಳಗೇ ಇರ್ತದೆ," ಎಂದೆ.

"ಅದು ಹೇಗೆ? ಹೊಡೆಯೋದು ಅಲ್ಲಿಗೆ, ಡಾಟ್ ಇಲ್ಲಿಯಾ?"

ನನ್ನ ಮಾತು ಅವರಿಗೆ ಹಿಡಿಸಲಿಲ್ಲ. ತಮಗೆ ತೋಚಿದಂತೆ ಇದ್ದ ಗುಂಡುಗಳನ್ನೆಲ್ಲ ಹಾರಿಸಿ ಟಾರ್ಗೆಟ್ಟನ್ನು ಹತ್ತಿರ ತರಿಸಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟು ಹೇಳಿದರು: "ಡಾಟ್ ಹೋಗಲಿ, ತೂತಾದರೂ ಎಲ್ಲಿ?"

೩. ಫೋನಿನ ಕಣ್ಣು

ಕೆಲವರ ಕಣ್ಣಿನ ಉಬ್ಬು ಒಂದೇ ಸಮ ಇರುವುದಿಲ್ಲ. ಅವರಿಗೆ ದುಂಡಗಿನ ಚುಕ್ಕಿ ಎಳೆದ ಹಾಗೆ, ಹರಡಿದ ಹಾಗೆ ಕಾಣುತ್ತದೆ. ಗಾಜು ಸರಿಯಾಗಿಯೇ ಇರುತ್ತದೆ. ಆದರೆ ಇದನ್ನು ಗಿರಾಕಿಗೆ ಹೇಳುವುದು ಯಾರು? ಕಾಕನ ಉಪದೇಶ ಒಂದೇ: "ಪಿಸ್ತೂಲಿಗೆ ಏನು ಬೇಕಾದ್ರೂ ಬೈ. ಗಿರಾಕಿಯ ಕಣ್ಣಿಗೆ ಮಾತ್ರ ಬೈಬೇಡ."

ಕ್ಲಬ್ಬಿನ ಅರಬ್ ಸದಸ್ಯರೊಬ್ಬರು ಹೊಸ ಡಾಟಿನೊಳಗೆ ನೋಡಿ ಇಲ್ಲವೆಂದು ತಲೆಯಾಡಿಸಿದರು. "ಡಾಟ್ ಮಾಫಿ, ಡಾಟ್ ಇಲ್ಲ. ಇದು ಬಾಲ ಇರುವ ಕಾಮಾ." ಬೇರೆಯದು ಕೂರಿಸಿದೆವು. ಅದೂ ಕಾಮಾ. ಕೊನೆಗೆ ಕಾಕ ಉಪಾಯ ಮಾಡಿದರು. ಕಣ್ಣಿನ ಬದಲು ಅವರ ಫೋನಿನ ಕ್ಯಾಮೆರಾವನ್ನೇ ಗಾಜಿನ ಹಿಂದೆ ಹಿಡಿದು ಫೋಟೋ ತೆಗೆದರು. ಫೋಟೋದಲ್ಲಿ ಚುಕ್ಕಿ ಗುಂಡಗೆ, ಚೊಕ್ಕವಾಗಿ ಕೂತಿತ್ತು. ಇನ್ನು ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಾವು ಸುಮ್ಮನಾದೆವು.

ಸದಸ್ಯರು ಫೋಟೋವನ್ನು ಬಹಳ ಹೊತ್ತು ನೋಡಿ, "ಖಲಾಸ್, ತಿಳಿಯಿತು," ಎಂದು ಹೊರಟುಹೋದರು. ಮುಂದಿನ ವಾರ ಬಂದಾಗ ಅವರ ಕೈಯಲ್ಲಿ ಹೊಸ ಫೋನಿತ್ತು. ಹಳೆಯದರ ಕ್ಯಾಮೆರಾ ಹಾಳಾಗಿತ್ತಂತೆ.

೪. ದಿನವೂ ಆಯುಧಪೂಜೆ

ಇನ್ನು ನನ್ನ ಕಥೆ. ನನ್ನ ಕೆಲಸವೇನೆಂದು ಊರಿನಲ್ಲಿದ್ದ ಅಮ್ಮ ಫೋನಿನಲ್ಲಿ ಕೇಳಿದಾಗ, ರೆಡ್ ಡಾಟ್ ಎಂದರೆ ತಿಳಿಯಲಿಕ್ಕಿಲ್ಲ ಎಂದು ಕನ್ನಡದಲ್ಲೇ ಹೇಳಿದ್ದೆ: "ಪಿಸ್ತೂಲಿಗೆ ಕೆಂಪು ಬೊಟ್ಟು ಇಡೋದಮ್ಮ." ಅಮ್ಮನಿಗೆ ತುಂಬ ಸಂತೋಷವಾಯಿತು. ಪರದೇಶಕ್ಕೆ ಹೋದರೂ ಮಗ ಕುಂಕುಮ ಬಿಟ್ಟಿಲ್ಲವಲ್ಲ ಎಂದು.

ಅಮ್ಮ ಅದನ್ನೇ ಮದುವೆ ಬ್ರೋಕರನಿಗೆ ಹೇಳಿದರು. ಜೊತೆಗೆ ನನ್ನದೊಂದು ಫೋಟೋ ಕೊಟ್ಟರು. ನಾನು ದುಬೈಗೆ ಬರುವ ಮೊದಲು ತೆಗೆಸಿದ್ದು, ಕೂದಲು ಹಣೆಯ ಮೇಲೆ ಬೀಳುತ್ತಿದ್ದ ಕಾಲದ್ದು. ಇಲ್ಲಿಯ ನೀರಿಗೆ ಕೂದಲು ನಿಲ್ಲುವುದಿಲ್ಲ ಎಂಬುದು ಗಲ್ಫಿನಲ್ಲಿದ್ದವರಿಗೆಲ್ಲ ಗೊತ್ತು, ಅಮ್ಮನಿಗೆ ಗೊತ್ತಿರಲಿಲ್ಲ.

ಬ್ರೋಕರ್ ತೋರಿಸಿದ ಹುಡುಗಿ ದೇರಾದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ತಂದೆ ಅಬುಧಾಬಿಯ ಬನಿಯಾಸ್‌ನಲ್ಲಿ ಅಕೌಂಟೆಂಟ್. ಅವರು ನನಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: "ನೀವು ದಿನಾ ಆಯುಧಪೂಜೆ ಮಾಡ್ತೀರಂತೆ. ಅಲ್ಲಿ ಭಟ್ರ ಪೋಸ್ಟಿಗೆ ವೀಸಾ ಕೊಡ್ತಾರಾ?"

೫. ಬೊಟ್ಟೋ, ನಾಮವೋ

ಭಟ್ಟನಲ್ಲ ಎಂದು ಒಪ್ಪಿಸಲು ಸಾಕುಬೇಕಾಯಿತು. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಒಮ್ಮೆ ಕಣ್ಣಾರೆ ನೋಡ್ತೇನೆ. ಸರಿ ಕಂಡರೆ ಮುಂದಿನ ಮಾತು," ಎಂದು ಒಂದು ಶುಕ್ರವಾರ ಮಗಳನ್ನೂ ಕರೆದುಕೊಂಡು ಕ್ಲಬ್ಬಿಗೇ ಬಂದರು. ಹುಡುಗಿಯನ್ನು ನಾನು ಎದುರಿಗೆ ನೋಡಿದ್ದು ಅಂದೇ. ನೋಡಿದ ಕೂಡಲೇ ಇಷ್ಟವಾದಳು. ಪುಣ್ಯಕ್ಕೆ ಡ್ಯೂಟಿಯಲ್ಲಿ ಕ್ಲಬ್ಬಿನ ಟೊಪ್ಪಿ ಕಡ್ಡಾಯವಾಗಿತ್ತು.

ಕಾಕ ಪಿಸ್ತೂಲು ಖಾಲಿಯೆಂದು ಖಚಿತ ಮಾಡಿಕೊಂಡು ಮೇಜಿನ ಇಕ್ಕಳಕ್ಕೆ ಬಿಗಿದರು. ನಾನು ಬಗ್ಗಿ ಡಾಟ್ ಕೂರಿಸಿ, ನೀಲಿ ಗೋಂದು ಹಾಕಿ, ಬೆಳಕು ಹೊತ್ತಿಸಿದೆ. ಹುಡುಗಿಯ ತಂದೆ ತಮ್ಮ ಹಳೆಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತರು.

"ಇದು ಬೊಟ್ಟಲ್ಲ. ನಾಮ."

ಅವರು ಮುಂದುವರಿಸಿದರು: "ಉದ್ದಕ್ಕೆ ಎಳೆದ ಹಾಗೆ ಉಂಟು. ಬೊಟ್ಟು ಇಡ್ತೇನೆ ಅಂತ ಹೇಳಿ ನಾಮ ಹಾಕೋದಾ? ಗಿರಾಕಿಗೇ ಹೀಗಾದರೆ ನಾಳೆ ನಮಗೆ?"

ನನಗೆ ಕಾರಣ ಗೊತ್ತಿತ್ತು. ಆದರೆ ಹುಡುಗಿ ಕೇಳಲು ಹೊರಟವನು ಹುಡುಗಿಯ ಅಪ್ಪನಿಗೆ "ನಿಮ್ಮ ಕಣ್ಣು ಸರಿಯಿಲ್ಲ" ಎನ್ನುವುದು ಹೇಗೆ? ಕಾಕ ದೂರದಿಂದಲೇ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರು. ಸಂಬಂಧ ಕೈತಪ್ಪಿತು ಎಂದೇ ನಾನು ಲೆಕ್ಕ ಹಾಕಿಬಿಟ್ಟೆ. ನಿಜಕ್ಕೂ ದುಃಖವಾಯಿತು.

ಆಗ ಹುಡುಗಿ ಮುಂದೆ ಬಂದು ಬಗ್ಗಿ ನೋಡಿದಳು. "ರೌಂಡ್ ಉಂಟು ಪಪ್ಪ. ನಿಮ್ಮ ಪವರ್ ಚೇಂಜ್ ಆಗಿದೆ. ನನ್ನ ಅಂಗಡಿಗೆ ಬನ್ನಿ ಅಂತ ಎಷ್ಟು ಸಲ ಹೇಳಿದ್ದೇನೆ?"

"ನನ್ನ ಕಣ್ಣಿಗೆ ಎಂತ ಆಗಿದೆ?" ಎಂದರು ಅವರು, ಕಾಕ ಎಂದುಕೊಂಡು ಗೋಡೆಯ ಫ್ಯಾನಿನ ಕಡೆ ನೋಡುತ್ತ.

ಮಗಳು ಬಿಡಲಿಲ್ಲ. ಅಲ್ಲಿಂದ ಸೀದಾ ತನ್ನ ಅಂಗಡಿಗೆ ಕರೆದೊಯ್ದು ಹೊಸ ಕನ್ನಡಕ ಮಾಡಿಸಿದಳು. ಮುಂದಿನ ಶುಕ್ರವಾರ ಇಬ್ಬರೂ ಮತ್ತೆ ಬಂದರು. ಅಂದು ನನಗೆ ರಜೆ. ಒಳ್ಳೆಯ ಅಂಗಿ ಹಾಕಿ, ಟೊಪ್ಪಿಯಿಲ್ಲದೆ ಕಾದಿದ್ದೆ. ಅವರು ಹೊಸ ಕನ್ನಡಕದಲ್ಲಿ ಅದೇ ಡಾಟಿನೊಳಗೆ ನೋಡಿದರು. ಮುಖ ಅರಳಿತು. "ಹೌದು, ಬೊಟ್ಟೇ. ಎಷ್ಟು ಚಂದ ಉಂಟು." ನನ್ನ ಎದೆಯ ಭಾರ ಇಳಿಯಿತು.

ಅಷ್ಟರಲ್ಲಿ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹೊಸ ಕನ್ನಡಕ ನನ್ನ ಹಣೆಯಲ್ಲಿ ಶುರುವಾಗಿ ನೆತ್ತಿಯವರೆಗೆ ಹೋಯಿತು. ಅಲ್ಲಿ ಅದಕ್ಕೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ.

"ನಾಮ ಪಿಸ್ತೂಲಿನಲ್ಲಿ ಇರಲಿಲ್ಲ ಮಗಳೇ," ಎಂದರು ನಿಧಾನವಾಗಿ. "ಫೋಟೋದಲ್ಲಿ ಇತ್ತು."

ಹುಡುಗಿ ನನ್ನ ಕಡೆ ನೋಡಲೂ ಇಲ್ಲ.

"ಕ್ಲಬ್ಬಿನ ಟೊಪ್ಪಿಗೆ ಹಿಂದೆ, ಪಟ್ಟಿಯ ಮೇಲೆ, ಒಂದು ಕಿಟಕಿ ಉಂಟು ಪಪ್ಪ. ನಾನು ಆವತ್ತೇ ನೋಡಿದ್ದೆ. ನೋಡಿಯೇ ಒಪ್ಪಿದ್ದು."